ಕಲೋನ್ ನಿಲ್ದಾಣದಲ್ಲಿ ಕೊಟ್ಟ ಮಾತು

1914ನೆಯ ಇಸವಿಯ ಆಗಸ್ಟ್ ತಿಂಗಳ ಮೊದಲ ದಿನಗಳಲ್ಲಿ, ಜರ್ಮನಿಯ ದಕ್ಷಿಣದಂಚಿನ ಕಾನ್‌ಸ್ಟನ್ಸ್ ಪಟ್ಟಣದಲ್ಲಿ, ನಾನಾ ದೇಶಗಳ ಕ್ರೈಸ್ತ ಪ್ರತಿನಿಧಿಗಳು ಯುದ್ಧವನ್ನು ತಪ್ಪಿಸುವ ಬಗೆ ಯಾವುದೆಂದು ವಿಚಾರಮಾಡಲು ಸಭೆ ಸೇರುತ್ತಿದ್ದಂತೆಯೇ ಯುದ್ಧವು ಬಂದೇಬಿಟ್ಟಿತು. ಸಭೆಯನ್ನು ಅರ್ಧಕ್ಕೇ ನಿಲ್ಲಿಸಿ ಎಲ್ಲರೂ ತಮ್ಮ ತಮ್ಮ ನಾಡುಗಳಿಗೆ ಹೊರಡಬೇಕಾಯಿತು. ಅವರಲ್ಲಿ ಇಬ್ಬರು ಕಲೋನ್ ನಗರದ ರೈಲುನಿಲ್ದಾಣದಲ್ಲಿ ಬೀಳ್ಕೊಂಡರು. ಒಬ್ಬರು ಚೀನದಲ್ಲಿ ಮಿಷನ್ ವೈದ್ಯರಾಗಿ ದುಡಿದುಬಂದ ಇಂಗ್ಲೆಂಡಿನ ಕ್ವೇಕರ್ ಪಂಥದ ಹೆನ್ರಿ ಹಾಜ್‌ಕಿನ್. ಇನ್ನೊಬ್ಬರು ಜರ್ಮನಿಯ ಲೂಥರನ್ ಪಾದ್ರಿ ಫ್ರೀಡ್ರಿಶ್ ಸೀಗ್‌ಮುಂಡ್ ಶುಲ್ಟ್ಸೆ. ತಮ್ಮ ರಾಜ್ಯಗಳು ವೈರಿಗಳಾದರೂ ಕ್ರಿಸ್ತನಲ್ಲಿ ತಾವು ಒಂದೇ ಮನೆಯವರೆಂದೂ ತಮ್ಮೊಳಗೆ ಯುದ್ಧವಿರಲಾರದೆಂದೂ ಇಬ್ಬರೂ ಮಾತು ಕೊಟ್ಟುಕೊಂಡರು.

ಆ ಮಾತಿಗೆ ಸಂಘದ ಆಕಾರ ಬಂದುದು ಅದೇ ವರ್ಷದ ಡಿಸೆಂಬರಿನಲ್ಲಿ, ಕೇಂಬ್ರಿಜ್ ನಗರದಲ್ಲಿ ಸುಮಾರು 130 ಮಂದಿ ಕಲೆತಾಗ. ಅವರು ಅದಕ್ಕಿಟ್ಟ ಹೆಸರು ‘ಫೆಲೋಶಿಪ್ ಆಫ್ ರೆಕನ್ಸಿಲಿಯೇಷನ್’; ನಮ್ಮ ನುಡಿಯಲ್ಲಿ ಸಂಧಾನಸಖ್ಯವೆನ್ನೋಣ. ಮರುವರ್ಷ ಅಮೆರಿಕದಲ್ಲಿಯೂ ಅದು ಬೇರೂರಿತು. 1916ರಲ್ಲಿ ಬ್ರಿಟನ್ನಿನಲ್ಲಿ ಕಡ್ಡಾಯ ಸೈನ್ಯಸೇವೆಯ ಶಾಸನ ಬಂದಾಗ ಆಯುಧ ಹಿಡಿಯಲೊಲ್ಲದ ಅನೇಕ ಸದಸ್ಯರು ಸೆರೆಮನೆ ಸೇರಿದರು. ಯುದ್ಧವೇನೂ ನಿಲ್ಲಲಿಲ್ಲ, ಇಪ್ಪತ್ತೈದು ವರ್ಷಗಳೊಳಗೆ ಅದಕ್ಕಿಂತ ಘೋರವಾದುದೊಂದು ಬಂದಿತು. ಆದರೂ ಇಂತಹ ಸಂಸ್ಥೆಯ ಬೆಲೆ ತಿಳಿಯಬೇಕಾದರೆ ಅದು ಎಂತಹ ಮನುಷ್ಯರನ್ನು ಬೆಳೆಸಿತು, ಯಾರಿಗಾಗಿ ತನ್ನ ಬಾಗಿಲನ್ನು ತೆರೆಯಿತು ಎಂಬುದನ್ನು ನೋಡಬೇಕೆಂದು ನನ್ನ ಎಣಿಕೆ.

1919ರಲ್ಲಿ ಹಾಲೆಂಡಿನ ಬಿಲ್ಟ್‌ಹೋವನ್ ಎಂಬ ಊರಿನಲ್ಲಿ, ನೆನ್ನೆಯವರೆಗೆ ಶತ್ರುಗಳೆನಿಸಿದ್ದ ದೇಶಗಳವರು ಒಟ್ಟುಗೂಡಿ ಸಖ್ಯವನ್ನು ಅಂತರರಾಷ್ಟ್ರೀಯ ಸಂಘವನ್ನಾಗಿ ಮಾಡಿದರು. ಅಲ್ಲಿದ್ದ ಸ್ವಿಟ್ಜರ್ಲೆಂಡಿನ ಪಿಯೇರ್ ಸೆರೆಸೋಲ್ ಎಂಬ ಎಂಜಿನಿಯರಿಗೆ ಭಾಷಣಗಳಿಂದಲೂ ಠರಾವುಗಳಿಂದಲೂ ತೃಪ್ತಿಯಾಗಲಿಲ್ಲ. ಅವರು 1920ರಲ್ಲಿ ಕೆಲವರನ್ನು ಕಟ್ಟಿಕೊಂಡು, ಲಕ್ಷಾಂತರ ಜನ ಸತ್ತುಬಿದ್ದ ವೆರ್ಡನ್ ರಣಭೂಮಿಯ ಸಮೀಪದಲ್ಲಿ ನೆಲಸಮವಾಗಿದ್ದ ಫ್ರೆಂಚ್ ಹಳ್ಳಿಯೊಂದಕ್ಕೆ ಹೋಗಿ, ಮನೆ ಕಳೆದುಕೊಂಡ ರೈತರಿಗೆ ಗುಡಿಸಲುಗಳನ್ನು ಕಟ್ಟಿಕೊಡಲಾರಂಭಿಸಿದರು. ಆ ತಂಡದಲ್ಲಿ ಜರ್ಮನರೂ ಇದ್ದರು. ತಮ್ಮವರು ಕೆಡವಿದ ಗೋಡೆಗಳನ್ನು ತಮ್ಮ ಕೈಯಿಂದಲೇ ಎತ್ತಲು ಬಂದ ಆ ಜರ್ಮನರನ್ನು ನೆನೆದಾಗ, ಪಶ್ಚಾತ್ತಾಪವೆಂಬ ಶಬ್ದಕ್ಕೆ ಇದಕ್ಕಿಂತ ಘನವಾದ ಅರ್ಥವುಂಟೆ ಎಂದು ನನಗನ್ನಿಸುತ್ತದೆ. ಇದೇ ಸೆರೆಸೋಲ್ 1934ರ ಭೂಕಂಪದ ತರುವಾಯ ಬಿಹಾರಕ್ಕೆ ಬಂದು, ಅಲ್ಲಿಯ ಹಳ್ಳಿಗಳನ್ನು ಮತ್ತೆ ಕಟ್ಟುವ ಕೆಲಸಕ್ಕೂ ಹೆಗಲು ಕೊಟ್ಟರು.

ಭಾರತದಿಂದ ಸಖ್ಯದವರು ಪಡೆದುದು ಅವರು ಇಲ್ಲಿಗೆ ತಂದುದಕ್ಕಿಂತ ಹೆಚ್ಚು. ಅದುವರೆಗೆ ಅವರಿಗೆ ತಿಳಿದಿದ್ದುದು ಯುದ್ಧಕ್ಕೆ ಹೋಗೆವೆಂಬ ನಿರಾಕರಣೆ. ಅನ್ಯಾಯವನ್ನು ಎದುರಿಸುವ ಸಾಧನವೊಂದು ಅವರಲ್ಲಿರಲಿಲ್ಲ. ಅದು ಅವರಿಗೆ ದೊರೆತುದು ಕ್ರೈಸ್ತರಲ್ಲದ ಒಬ್ಬರಿಂದ, ಗಾಂಧೀಜಿಯಿಂದ. ರಿಚರ್ಡ್ ಗ್ರೆಗ್ ಎಂಬ ಅಮೆರಿಕದ ವಕೀಲರು ಷಿಕಾಗೋ ನಗರದ ಪುಸ್ತಕದಂಗಡಿಯೊಂದರಲ್ಲಿ ಗಾಂಧೀಜಿಯ ವಿಷಯವನ್ನು ಓದಿ, ಆ ಓದಿನ ಬಲದಿಂದಲೇ 1925ರಲ್ಲಿ ಭಾರತಕ್ಕೆ ಬಂದು ಕೆಲವು ವರ್ಷ ನೆಲಸಿದರು; ಗಾಂಧೀಜಿ ಅವರನ್ನು ಗೋವಿಂದನೆಂದು ಕರೆಯುತ್ತಿದ್ದರು. ಅಹಿಂಸೆಯ ಶಕ್ತಿಯನ್ನು ಕುರಿತು ಅವರು ಬರೆದು 1934ರಲ್ಲಿ ಪ್ರಕಟಿಸಿದ ಗ್ರಂಥವು ಸಖ್ಯದವರ ಕೈಪಿಡಿಯಾಯಿತು. ಸಖ್ಯದ ಮ್ಯೂರಿಯಲ್ ಲೆಸ್ಟರ್ ಲಂಡನ್ನಿನ ಪೂರ್ವಭಾಗದ ಬಡವರ ನಡುವೆ ಕಟ್ಟಿದ ಕಿಂಗ್ಸ್‌ಲೀ ಹಾಲ್ ಎಂಬ ಸೇವಾಮಂದಿರದಲ್ಲಿಯೇ ಗಾಂಧೀಜಿ 1931ರ ದುಂಡುಮೇಜಿನ ಪರಿಷತ್ತಿನ ಕಾಲದಲ್ಲಿ ಇಳಿದುಕೊಂಡಿದ್ದರು.

ಎರಡನೆಯ ಮಹಾಯುದ್ಧವು ಸಖ್ಯದಿಂದ ಬಲಿಯನ್ನೂ ತೆಗೆದುಕೊಂಡಿತು. ಅದರ ಜರ್ಮನ್ ಶಾಖೆಯ ಕಾರ್ಯದರ್ಶಿ ಹರ್ಮನ್ ಸ್ಟೋರ್, ಹಿಟ್ಲರನ ಸೈನ್ಯಕ್ಕೆ ಸೇರಲೊಲ್ಲೆನೆಂದುದಕ್ಕಾಗಿ 1940ರ ಜೂನ್ 21ರಂದು ಬರ್ಲಿನ್ನಿನಲ್ಲಿ ಶಿರಚ್ಛೇದನಕ್ಕೆ ಗುರಿಯಾದರು.

ಅಮೆರಿಕದಲ್ಲಿ ಸಖ್ಯವು ವರ್ಣಭೇದದ ಪ್ರಶ್ನೆಗೆ ಕೈಹಾಕಿತು. 1947ರಲ್ಲಿ ಕರಿಯರೂ ಬಿಳಿಯರೂ ಸೇರಿ 16 ಜನ ದಕ್ಷಿಣದ ರಾಜ್ಯಗಳಲ್ಲಿ ಬಸ್ಸುಗಳನ್ನೇರಿ ಒಟ್ಟಿಗೆ ಕುಳಿತು ಪ್ರಯಾಣಮಾಡಿದರು. ಅದಕ್ಕಾಗಿ ಬೇಯಾರ್ಡ್ ರಸ್ಟಿನ್ 22 ದಿನ ಸಂಕೋಲೆಯ ಕೈದಿಗಳ ನಡುವೆ ರಸ್ತೆಯ ಕೂಲಿ ಮಾಡಬೇಕಾಯಿತು. ಸಖ್ಯದ ಇನ್ನೊಬ್ಬ ಸದಸ್ಯ, ಕೊರಿಯಾ ಯುದ್ಧಕ್ಕೆ ಹೋಗಲೊಲ್ಲದೆ ಸೆರೆವಾಸ ಅನುಭವಿಸಿದ್ದ ಕರಿಯ ತರುಣ ಜೇಮ್ಸ್ ಲಾಸನ್, ನಮ್ಮ ನಾಗಪುರದ ಹಿಸ್ಲಾಪ್ ಕಾಲೇಜಿಗೆ ಮಿಷನ್ ಕಾರ್ಯಕರ್ತರಾಗಿ ಬಂದು, ಮೂರು ವರ್ಷ ಇದ್ದು ಸತ್ಯಾಗ್ರಹದ ಅಭ್ಯಾಸ ಮಾಡಿದರು. ಮಾಂಟ್‌ಗೊಮರಿ ನಗರದ ಕರಿಯ ಜನ ಬಸ್ಸುಗಳನ್ನು ಬಹಿಷ್ಕರಿಸಿರುವ ವಾರ್ತೆಯನ್ನು ಅವರು ಓದಿದುದೂ ನಾಗಪುರದ ಪತ್ರಿಕೆಯೊಂದರಲ್ಲಿಯೇ. ಸ್ವದೇಶಕ್ಕೆ ಮರಳಿ, ಸಖ್ಯದ ದಕ್ಷಿಣ ಪ್ರಾಂತದ ಕಾರ್ಯದರ್ಶಿಯಾಗಿ ನ್ಯಾಶ್‌ವಿಲ್ ನಗರದ ವಿದ್ಯಾರ್ಥಿಗಳಿಗೆ, ಹೊಡೆತ ಬಿದ್ದಾಗ ಕೈಯೆತ್ತದೆ ಕುಳಿತಿರುವುದನ್ನು ಅಭಿನಯಮಾಡಿಸಿ ಕಲಿಸಿದರು. 1960ರಲ್ಲಿ ಆ ವಿದ್ಯಾರ್ಥಿಗಳು ಕರಿಯರನ್ನು ಕೂರಿಸಿಕೊಳ್ಳದ ಉಪಾಹಾರದ ಅಂಗಡಿಗಳಲ್ಲಿ ಕುಳಿತರು. ಆ ಊರಿನ ಅಂಗಡಿಗಳು ಅವರಿಗೆ ತೆರೆದುವು.

ಹೀಗೆ ಪರಧರ್ಮದವರೊಬ್ಬರನ್ನು ಗುರುವೆಂದು ಒಪ್ಪಿಕೊಂಡ ಸಂಘವು ತನ್ನ ಬಾಗಿಲನ್ನು ಕ್ರೈಸ್ತರಿಗೆ ಮಾತ್ರವೇ ತೆರೆದಿಡುವುದು ಬಹುಕಾಲ ಸಾಧ್ಯವಿರಲಿಲ್ಲ. 1941ರಲ್ಲಿ ಯೆಹೂದ್ಯರ ಶಾಂತಿಬಳಗ, 1978ರಲ್ಲಿ ಬೌದ್ಧರದು, ಆಮೇಲೆ ಮುಸಲ್ಮಾನರದು ಹುಟ್ಟಿ ಸಖ್ಯದ ಜೊತೆಗೂಡಿದುವು. ತತ್ತ್ವಚರ್ಚೆ ಮಾಡಿಸದ ಈ ಕಾರ್ಯವನ್ನು ಒಂದೇ ಕಷ್ಟದಲ್ಲಿ ಜೊತೆಗೆ ನಿಂತ ಅನುಭವವು ಮಾಡಿಸಿತು.

1966ರಲ್ಲಿ ವಿಯೆಟ್ನಾಮಿನ ಬೌದ್ಧ ಭಿಕ್ಷು ತಿಕ್ ನಾತ್ ಹಾನ್ ಅಮೆರಿಕದಲ್ಲಿ ಸಂಚರಿಸಿ ತಮ್ಮ ಜನರ ಸಂಕಟವನ್ನು ಹೇಳಿಕೊಳ್ಳುವುದಕ್ಕೆ ಸಖ್ಯವೇ ಏರ್ಪಾಟು ಮಾಡಿತು. ಷಿಕಾಗೋ ನಗರದಲ್ಲಿ ಅವರು ಮಾರ್ಟಿನ್ ಲೂಥರ್ ಕಿಂಗರನ್ನು ಕಂಡರು. ಆ ಸಂಚಾರದ ಫಲವಾಗಿ ಭಿಕ್ಷುಗಳಿಗೆ ದೀರ್ಘಕಾಲ ಸ್ವದೇಶದ ಬಾಗಿಲು ಮುಚ್ಚಿತು; 2005ರವರೆಗೆ ಅವರು ಹುಟ್ಟಿದ ನೆಲವನ್ನು ಕಾಣಲಿಲ್ಲ. ಕಿಂಗರು 1967ರ ಜನವರಿಯಲ್ಲಿ ನೊಬೆಲ್ ಶಾಂತಿ ಪಾರಿತೋಷಿಕಕ್ಕೆ ಈ ಭಿಕ್ಷುವಿನ ಹೆಸರನ್ನು ಸೂಚಿಸಿದರು. ಆ ವರ್ಷ ಪಾರಿತೋಷಿಕವನ್ನು ಯಾರಿಗೂ ಕೊಡಲಿಲ್ಲ.