ಕೆಟ್ಟರೆ ಕೈ ಹಾಕೋರು ಯಾರು?

ಅಪ್ಪ ಪವರ್ ಟಿಲ್ಲರ್ ತಗೊಳ್ಳೋಕೆ ಹೊರಟಾಗ ನಾನು ಬಿಇ ಎರಡನೇ ವರ್ಷದಲ್ಲಿದ್ದೆ. ಎಷ್ಟು ಎಚ್‌ಪಿ, ಲೀಟರ್ ಡೀಸೆಲ್‌ಗೆ ಎಷ್ಟು ಹೊತ್ತು ಓಡತ್ತೆ ಅಂತ ನಾನು ಲೆಕ್ಕ ಹಾಕ್ತಾ ಕೂತಿದ್ದೆ. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಗದ್ದೆ ಮಧ್ಯ ಕೆಟ್ಟು ನಿಂತ್ರೆ ಕೈ ಹಾಕೋರು ಯಾರೋ?" ಆಗ ನಗು ಬಂದಿತ್ತು. ಕ್ಯಾಪ್ಟನ್ ಸ್ಕಾಟ್‌ನ ಕಥೆ ಓದಿದ ಮೇಲೆ ನಗು ನಿಂತುಹೋಯ್ತು.

ಸ್ಕಾಟ್ ಅಂದ್ರೆ ನಮಗೆಲ್ಲ ದಕ್ಷಿಣ ಧ್ರುವದ ರೇಸಲ್ಲಿ ಸೋತವನು. ನಾರ್ವೆಯ ಅಮುಂಡ್‌ಸೆನ್ 1911ರ ಡಿಸೆಂಬರ್ 14ಕ್ಕೆ ಅಲ್ಲಿ ತಲುಪಿದ, ಸ್ಕಾಟ್ 1912ರ ಜನವರಿ 17ಕ್ಕೆ. ಆದರೆ ಸ್ಕಾಟ್ ಬರೀ ರೇಸಿಗೆ ಹೋದವನಲ್ಲ. ಅವನ ಜೊತೆ ಭೂವಿಜ್ಞಾನಿಗಳು, ಜೀವವಿಜ್ಞಾನಿಗಳು, ಹವಾಮಾನ ತಜ್ಞ ಎಲ್ಲ ಇದ್ದರು. ಊಟ, ಟೆಂಟು, ಉಪಕರಣ ಎಲ್ಲ ಹೊತ್ತು ಮಂಜಿನ ಮೇಲೆ ನೂರಾರು ಮೈಲಿ ಹೋಗಬೇಕು. ಯಾವುದರಲ್ಲಿ?

ಸ್ಕಾಟ್ ಮೂರನ್ನೂ ಆರಿಸಿಕೊಂಡ: ಮೋಟಾರ್ ಸ್ಲೆಜ್, ಕುದುರೆ, ನಾಯಿ. ಒಂದು ಕೈಕೊಟ್ಟರೆ ಇನ್ನೊಂದು. ನಮ್ಮ ಆಫೀಸ್ ಭಾಷೆಯಲ್ಲಿ ಬ್ಯಾಕಪ್.

ಚಕ್ರದ ಬದಲು ಪಟ್ಟಿಯ ಮೇಲೆ ಉರುಳುವ ಮೋಟಾರ್ ಸ್ಲೆಜ್ ಆ ಕಾಲಕ್ಕೆ ಅದ್ಭುತ. ಅದನ್ನು ರೂಪಿಸೋದರಲ್ಲಿ ದುಡಿದ ಎಂಜಿನಿಯರ್ ರೆಜಿನಾಲ್ಡ್ ಸ್ಕೆಲ್ಟನ್. ಆದರೆ ತಂಡದ ಉಪನಾಯಕನಿಗಿಂತ ನೌಕಾಪಡೆಯಲ್ಲಿ ಅವನ ದರ್ಜೆ ದೊಡ್ಡದಾಯ್ತು ಅಂತ ಅವನನ್ನೇ ಬಿಟ್ಟು ಹೋದರು! ಮೂರರಲ್ಲಿ ಒಂದು ಸ್ಲೆಜ್ ಹಡಗಿನಿಂದ ಇಳಿಸುವಾಗಲೇ ಹಿಮ ಒಡೆದು ಸಮುದ್ರದ ಪಾಲಾಯ್ತು. ಉಳಿದೆರಡು 1911ರ ಅಕ್ಟೋಬರ್ 24ಕ್ಕೆ ಹೊರಟವು. ಒಂದೆರಡು ವಾರವೂ ಬಾಳಲಿಲ್ಲ, ಎಂಜಿನ್ ಕೆಟ್ಟು ನಿಂತವು. ಜೊತೆಗಿದ್ದ ನಾಲ್ವರು ಸಾಮಾನನ್ನು ತಾವೇ ಎಳೆದರು.

ಕುದುರೆಗಳದ್ದೂ ಇದೇ ಕಥೆ. ಖರೀದಿಗೆ ಕಳಿಸಿದ್ದು ನಾಯಿ ಪಳಗಿಸೋದು ಗೊತ್ತಿದ್ದ ಮೀರ್ಸ್‌ನನ್ನು. ಕುದುರೆ ಬಲ್ಲ ಸೈನಿಕ ಓಟ್ಸ್ ಅವುಗಳನ್ನು ನೋಡಿದ್ದು ಆಮೇಲೆ, ನೋಡಿ ತಲೆ ಚಚ್ಚಿಕೊಂಡ. ಕುದುರೆ ಮೈಯೆಲ್ಲ ಬೆವರುತ್ತೆ, ಆ ಬೆವರು ಚಳಿಗೆ ಹೆಪ್ಪುಗಟ್ಟುತ್ತೆ. ಗೊರಸು ಮಂಜಲ್ಲಿ ಹೂತುಹೋಗುತ್ತೆ. ಮೇವನ್ನೂ ಹೊತ್ತೇ ಹೋಗಬೇಕು. ಚಳಿ ಸ್ವಲ್ಪ ಇಳಿಯಲಿ ಅಂತ ಕಾದು ನವೆಂಬರ್ 1ಕ್ಕೆ ಹೊರಟರು. ಡಿಸೆಂಬರ್ 9ಕ್ಕೆ ಉಳಿದ ಕುದುರೆಗಳನ್ನೂ ಗುಂಡಿಟ್ಟು ಕೊಲ್ಲಬೇಕಾಯ್ತು. ನಾಯಿಗಳನ್ನು ಬೆಟ್ಟದ ಬುಡದಿಂದ ವಾಪಸ್ ಕಳಿಸಿದರು. ಮುಂದೆ ಎಳೆದಿದ್ದು ಮನುಷ್ಯರೇ.

ಅಮುಂಡ್‌ಸೆನ್ ನೆಚ್ಚಿದ್ದು ನಾಯಿಗಳನ್ನು ಮಾತ್ರ. 52 ನಾಯಿ, 4 ಸ್ಲೆಜ್. ಬ್ಯಾಕಪ್ ಗಾಡಿ ಇಲ್ಲ. ಆದರೆ ಜೊತೆಗಿದ್ದವರು ನಾಯಿ ಓಡಿಸೋದರಲ್ಲಿ, ಸ್ಕೀಯಿಂಗಲ್ಲಿ ಪಳಗಿದವರು.

ಈ ಕಥೆಗೆ ನಮ್ಮ ದೇಶದ ನಂಟೂ ಇದೆ. ಓಟ್ಸ್‌ನ ಸಲಹೆಯಂತೆ ಇಲ್ಲಿಂದ ಏಳು ಹೇಸರಗತ್ತೆ ಕಳಿಸಿದ್ದರು. ಗುಲಾಬ್, ಬೇಗಂ, ರಾಣಿ ಅಂತೆಲ್ಲ ಹೆಸರು. 1912ರ ನವೆಂಬರ್ 12ಕ್ಕೆ ಸ್ಕಾಟ್‌ನ ಟೆಂಟ್ ಪತ್ತೆಯಾದಾಗ ಹುಡುಕಲು ಹೋದವರ ಜೊತೆ ಇದ್ದದ್ದು ಇವೇ. ಟೆಂಟಲ್ಲಿ ಮೂರು ಹೆಣ. ಸ್ಲೆಜ್ ಮೇಲೆ ಸುಮಾರು 16 ಕೆಜಿ ಕಲ್ಲು! ಸಾಯುವ ಸ್ಥಿತಿಯಲ್ಲೂ ಬಿಸಾಡಿರಲಿಲ್ಲ. ಅವುಗಳಲ್ಲಿ ಗ್ಲಾಸಾಪ್ಟೆರಿಸ್ ಅನ್ನೋ ಗಿಡದ ಎಲೆಯ ಪಳೆಯುಳಿಕೆ ಇತ್ತು. ಅದೇ ಎಲೆ ಭಾರತದ ಕಲ್ಲಿದ್ದಲ ಪದರಗಳಲ್ಲೂ ಸಿಗುತ್ತೆ. ನಮ್ಮ ನೆಲ, ಅಂಟಾರ್ಕ್ಟಿಕಾ ಒಂದು ಕಾಲಕ್ಕೆ ಒಟ್ಟಿಗಿದ್ದವು ಅನ್ನೋದಕ್ಕೆ ಸಾಕ್ಷಿ. ವಿಜ್ಞಾನಕ್ಕೆ ಬೇಕಾದ್ದು ಸಿಕ್ಕಿತ್ತು, ಹೊತ್ತು ತಂದವರು ಮನೆ ಮುಟ್ಟಲಿಲ್ಲ.

ಈಗ ಟೀಮಲ್ಲಿ ಯಾರಾದ್ರೂ ಹೊಸ ಟೂಲ್ ತರೋಣ ಅಂದಾಗ ಫೀಚರ್ ಪಟ್ಟಿ ಆಮೇಲೆ ನೋಡ್ತೀನಿ. ಮೊದಲು ಕೇಳೋದು ಅಪ್ಪನ ಪ್ರಶ್ನೆಯನ್ನೇ. ಅಪ್ಪ ಕೊನೆಗೆ ತಂದಿದ್ದು ಕಮ್ಮಿ ಎಚ್‌ಪಿಯ ಹಳೇ ಮಾಡೆಲ್. ಪಕ್ಕದೂರಿನ ಮೆಕ್ಯಾನಿಕ್‌ಗೆ ಅದರ ಒಂದೊಂದು ನಟ್ಟೂ ಗೊತ್ತಿತ್ತು.