ಅಳೆಯುವಲ್ಲೇ ಇರಬೇಕಾದ ಮಾನ: ಕೆಜಿಎಫ್ ಗಣಿ ನೆಲದ ಮಾಪನಕ್ಕೆ ರೆಫರೆನ್ಸ್ ವೋಲ್ಟೇಜ್ ಒಳಗೊಂಡ ಆಪ್-ಆಂಪ್

ಪೀಠಿಕೆ

ಕೋಲಾರ ಚಿನ್ನದ ಗಣಿಯ (ಕೆಜಿಎಫ್) ಚಾಂಪಿಯನ್ ರೀಫ್ ಸುಮಾರು 3.2 ಕಿಲೋಮೀಟರ್ ಆಳಕ್ಕೆ ಇಳಿದಿತ್ತು. ತಳದ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಒತ್ತಡ ತಾಳದ ಬಂಡೆಗಳು ಸಿಡಿದು ಪ್ರಾಣಹಾನಿಯಾಗುತ್ತಿತ್ತು. ಬಂಡೆಗಳ ಇಂಥ ವರ್ತನೆಯನ್ನು ಅಧ್ಯಯನ ಮಾಡುವ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ 1988ರಲ್ಲಿ ಇಲ್ಲೇ ಸ್ಥಾಪನೆಯಾಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಪಂಪುಗಳು ನಿಂತ ಮೇಲೆ ಸುರಂಗಗಳಿಗೆ ನೀರು ತುಂಬಿತು. ಆದರೆ ಆ ನೆಲದ ಮೇಲೆ ಊರಿದೆ, ಅದಿರು ಸಂಸ್ಕರಣೆಯ ತ್ಯಾಜ್ಯದ ಸೈನೈಡ್ ದಿಬ್ಬಗಳಿವೆ, ಬಂಗಾರಪೇಟೆಯಿಂದ ಕೋರಮಂಡಲ್, ಊರಿಗಾಂ, ಚಾಂಪಿಯನ್ ದಾಟಿ ಮಾರಿಕುಪ್ಪಂಗೆ ಹೋಗುವ ರೈಲು ದಾರಿಯಿದೆ. ಇಂಥ ನೆಲದ ಬಿರುಕುಗಳನ್ನು ವರ್ಷಗಟ್ಟಲೆ ಗಮನಿಸುತ್ತಿರಬೇಕು.

ಇಲ್ಲಿ ಸಂವೇದಕ ಒಂದು ಕಡೆ, ಅದನ್ನು ಓದುವ ಉಪಕರಣ ಬಹುದೂರದಲ್ಲಿ. ಎರಡೂ ಒಂದೇ ಪೆಟ್ಟಿಗೆಯಲ್ಲಿದ್ದರೆ ಒಂದೇ ರೆಫರೆನ್ಸ್ (ಅಳತೆಗೆ ಮಾನವಾಗುವ ಸ್ಥಿರ ವೋಲ್ಟೇಜ್) ಹಂಚಿಕೊಳ್ಳುತ್ತವೆ. ಅದು ಏರುಪೇರಾದರೂ ಅನುಪಾತ ಕೆಡುವುದಿಲ್ಲ. ದೂರವಾದಾಗ ಈ ರಕ್ಷಣೆ ಇಲ್ಲ. ಆದ್ದರಿಂದ ಸ್ಥಿರವಾದ ಮಾನ ಸಂವೇದಕದ ಬಳಿಯಲ್ಲೇ ಇರಬೇಕೆಂಬುದು ಈ ಲೇಖನದ ವಾದ. ತಯಾರಕರು ಕೊಡುವ ಸಾಮಾನ್ಯ ಮೌಲ್ಯಗಳನ್ನು ಆಧರಿಸಿ ಇಲ್ಲಿ ಲೆಕ್ಕ ಮಾಡಿದೆ. ಇದು ವಿನ್ಯಾಸ ಪ್ರಸ್ತಾವ, ಕ್ಷೇತ್ರ ಪ್ರಯೋಗದ ವರದಿಯಲ್ಲ.

ಎಲ್‌ಎಂ10ರ ರಚನೆ

ರೆಫರೆನ್ಸ್ ಮತ್ತು ಆಪ್-ಆಂಪ್ (ಸಂಕೇತ ವರ್ಧಕ) ಎರಡೂ ಒಂದೇ ಚಿಪ್‌ನಲ್ಲಿರುವ ವರ್ಗದ ಮೊದಲಿನವುಗಳಲ್ಲಿ ಒಂದು, ನ್ಯಾಷನಲ್ ಸೆಮಿಕಂಡಕ್ಟರ್‌ಗಾಗಿ ಬಾಬ್ ವಿಡ್ಲರ್ 1970ರ ದಶಕದಲ್ಲಿ ರೂಪಿಸಿದ ಎಲ್‌ಎಂ10. ಸಾಂಪ್ರದಾಯಿಕ ಬ್ಯಾಂಡ್‌ಗ್ಯಾಪ್ ರೆಫರೆನ್ಸ್ ಸುಮಾರು 1.2 ವೋಲ್ಟ್ ಕೊಡುತ್ತದೆ. ಎಲ್‌ಎಂ10 ಬರೀ 1.1 ವೋಲ್ಟ್ ಪೂರೈಕೆಯಲ್ಲೂ ನಡೆಯಬೇಕಿದ್ದುದರಿಂದ ಅದರ ರೆಫರೆನ್ಸ್ 200 ಮಿಲಿವೋಲ್ಟ್. ಚಿಪ್ ಸುಮಾರು 0.27 ಮಿಲಿಆಂಪಿಯರ್ ಬಳಸುತ್ತದೆ. ರೆಫರೆನ್ಸನ್ನು ಹಿಗ್ಗಿಸಲು ಪ್ರತ್ಯೇಕ ವರ್ಧಕವೂ ಒಳಗಿದೆ.

ಬಿರುಕು ಮಾಪಕ

ಬಂಡೆಯ ಬಿರುಕಿಗೆ ಅಡ್ಡಲಾಗಿ 100 ಮಿಲಿಮೀಟರ್ ಚಲನೆಯ, 1000 ಓಮ್‌ನ ಪೊಟೆನ್ಷಿಯೋಮೀಟರ್ ಕೂರಿಸಿದೆ ಎನ್ನೋಣ. ರೆಫರೆನ್ಸನ್ನು ನಾಲ್ಕು ಪಟ್ಟು ಮಾಡಿ 0.8 ವೋಲ್ಟ್ ಕೊಟ್ಟರೆ ಅದು 0.8 ಮಿಲಿಆಂಪಿಯರ್ ಎಳೆಯುತ್ತದೆ. ಚಿಪ್‌ನದು ಸೇರಿ 1.07. ಕೈಗಾರಿಕೆಗಳಲ್ಲಿ ರೂಢಿಯಲ್ಲಿರುವ 4–20 ಮಿಲಿಆಂಪಿಯರ್ ಲೂಪ್‌ನಲ್ಲಿ ಶೂನ್ಯ ಸಂಕೇತಕ್ಕೂ 4 ಹರಿಯುವುದರಿಂದ, ಸಂಕೇತ ಒಯ್ಯುವ ಎರಡು ತಂತಿಗಳೇ ವಿದ್ಯುತ್ತನ್ನೂ ಪೂರೈಸುತ್ತವೆ. ಸುರಂಗಗಳು ಈಗ ನೀರಲ್ಲಿದ್ದರೂ, ಕಠಿಣ ಮಿತಿಯಾಗಿ ಗಣಿಯ ಆಳವನ್ನೇ ತೆಗೆದುಕೊಂಡು, ಒಂದು ಚದರ ಮಿಲಿಮೀಟರ್ ತಾಮ್ರದ ಜೋಡಿ ತಂತಿ 3.2 ಕಿಲೋಮೀಟರ್ ಉದ್ದವಿದೆ ಎಂದುಕೊಂಡರೆ ಅದರ ರೋಧ ಸುಮಾರು 110 ಓಮ್. 20 ಮಿಲಿಆಂಪಿಯರ್‌ನಲ್ಲಿ ಅದು 2.2 ವೋಲ್ಟ್ ನುಂಗುತ್ತದೆ. ಸಂಕೇತ ಕರೆಂಟ್ ರೂಪದಲ್ಲಿರುವುದರಿಂದ ಪೂರೈಕೆ ಸಾಕಷ್ಟಿರುವವರೆಗೆ ಅಳತೆ ಬದಲಾಗದು.

ಉಷ್ಣತೆ 25ರಿಂದ 60 ಡಿಗ್ರಿಗೆ ಏರಿದಾಗ ಏನಾಗುತ್ತದೆ? ರೆಫರೆನ್ಸ್ ಡಿಗ್ರಿಗೆ ಶೇ. 0.002ರಂತೆ, ಒಟ್ಟು ಶೇ. 0.07 ಸರಿಯುತ್ತದೆ, ಪೂರ್ಣ ಅಳತೆಯಲ್ಲಿ ಇದು 0.07 ಮಿಲಿಮೀಟರ್. ಆದರೆ ಲೂಪಿನ ಕರೆಂಟನ್ನು ನಿರ್ಧರಿಸುವ ರೆಸಿಸ್ಟರ್ ಡಿಗ್ರಿಗೆ ಶೇ. 0.01 ಬದಲಾಗುವ ಸಾಧಾರಣ ಬಗೆಯದಾಗಿದ್ದರೆ ದೋಷ ಶೇ. 0.35. ಒಳ್ಳೆಯ ರೆಫರೆನ್ಸಿನ ಪಕ್ಕದಲ್ಲಿ ಅಗ್ಗದ ರೆಸಿಸ್ಟರ್ ಇಟ್ಟರೆ ಅದರ ಲಾಭವೆಲ್ಲ ಕೈತಪ್ಪುತ್ತದೆ.

ಮಿತಿ

ಇದೇ ಮಂಡಲ, ಹಿಗ್ಗು-ಕುಗ್ಗನ್ನು ಅಳೆಯುವ ಸ್ಟ್ರೇನ್ ಗೇಜ್‌ಗೆ ಒಗ್ಗುವುದಿಲ್ಲ. ಪೂರ್ಣ ಹೊರೆಯಲ್ಲಿ ವೋಲ್ಟಿಗೆ 2 ಮಿಲಿವೋಲ್ಟ್ ಕೊಡುವ ಸ್ಟ್ರೇನ್ ಗೇಜ್ ಬ್ರಿಜ್, 0.8 ವೋಲ್ಟಿಗೆ ಕೊಡುವುದು 1.6 ಮಿಲಿವೋಲ್ಟ್ ಮಾತ್ರ. ವರ್ಧಕದ ಆಫ್‌ಸೆಟ್ (ಶೂನ್ಯ ಸಂಕೇತದಲ್ಲೂ ಉಳಿಯುವ ದೋಷ ವೋಲ್ಟೇಜ್) ಡಿಗ್ರಿಗೆ 2 ಮೈಕ್ರೋವೋಲ್ಟ್‌ನಂತೆ 35 ಡಿಗ್ರಿಗೆ 70 ಮೈಕ್ರೋವೋಲ್ಟ್ ಸರಿಯುತ್ತದೆ, ಅಂದರೆ ಶೇ. 4ಕ್ಕೂ ಹೆಚ್ಚು ದೋಷ. ಪೊಟೆನ್ಷಿಯೋಮೀಟರಿನ 0.8 ವೋಲ್ಟ್‌ನಲ್ಲಿ ಅದೇ ದೋಷ ಶೇ. 0.01ಕ್ಕಿಂತ ಕಡಿಮೆ. ಸ್ಟ್ರೇನ್ ಗೇಜ್‌ಗೆ ಆಫ್‌ಸೆಟ್ ತಾನೇ ಸರಿಪಡಿಸಿಕೊಳ್ಳುವ ವರ್ಧಕ ಬೇಕು.

ಬ್ಯಾಟರಿ ಕಾವಲು

ಸೈನೈಡ್ ದಿಬ್ಬಗಳ ಮೇಲಿಡುವ ಉಪಕರಣಕ್ಕೆ ಸೌರಫಲಕ, 12 ವೋಲ್ಟ್ ಲೆಡ್-ಆಸಿಡ್ ಬ್ಯಾಟರಿ ಸಾಕು. ಒಂದು ಸೆಲ್‌ಗೆ 1.8ರಂತೆ ಬ್ಯಾಟರಿ 10.8 ವೋಲ್ಟಿಗೆ ಇಳಿದಾಗ ಹೊರೆ ಕಳಚಬೇಕು. 530 ಕಿಲೋಓಮ್ ಮತ್ತು 10 ಕಿಲೋಓಮ್‌ಗಳ ವಿಭಾಜಕ 10.8 ವೋಲ್ಟನ್ನು ನೇರ 200 ಮಿಲಿವೋಲ್ಟಿಗೆ ತರುತ್ತದೆ. ಎಲ್‌ಎಂ10 ಅದನ್ನು ತನ್ನ ರೆಫರೆನ್ಸ್ ಜೊತೆ ಹೋಲಿಸುತ್ತದೆ. ವಿಭಾಜಕದ ಬಳಕೆ ಬರೀ 20 ಮೈಕ್ರೋಆಂಪಿಯರ್. 2.5 ವೋಲ್ಟ್ ರೆಫರೆನ್ಸಿನ ಟಿಎಸ್‌ಎಂ103ರಂಥ ಜೋಡಿ ಆಪ್-ಆಂಪ್‌ಗಳು ಚಾರ್ಜರ್‌ಗಳಲ್ಲಿ ವೋಲ್ಟೇಜ್, ಕರೆಂಟ್ ಎರಡನ್ನೂ ಹಿಡಿತದಲ್ಲಿಡುವುದೂ ಇದೇ ತತ್ತ್ವದಿಂದ.

ಉಪಸಂಹಾರ

ದೊಡ್ಡ ಸಂಕೇತ ಕೊಡುವ, ನಿಧಾನವಾಗಿ ಬದಲಾಗುವ, ದೂರದಿಂದ ಓದಬೇಕಾದ ಅಳತೆಗಳಿಗೆ ಈ ಚಿಪ್ ವರ್ಗ ತಕ್ಕದ್ದು. ನೆಲದ ಚಲನೆ ವರ್ಷಕ್ಕೆ ಮಿಲಿಮೀಟರಿನ ಲೆಕ್ಕದಲ್ಲಿದ್ದರೆ, ಉಪಕರಣದ ಸರಿಯುವಿಕೆಯನ್ನೇ ನೆಲದ ಸರಿಯುವಿಕೆಯೆಂದು ಭ್ರಮಿಸುವ ಅಪಾಯವಿದೆ. ಆದ್ದರಿಂದ ಪ್ರತಿ ಮಾಪಕದ ಜೊತೆ ಉಷ್ಣತೆಯನ್ನೂ ದಾಖಲಿಸಬೇಕು. ಕದಲದ ಒಂದು ನಿಶ್ಚಲ ಮಾಪಕವನ್ನು ಅದೇ ಜಾಗದಲ್ಲಿಟ್ಟು ಹೋಲಿಸಬೇಕು. ಗಣಿ ಮುಚ್ಚಿದರೂ ಅದರ ಮೇಲೆ ಬಾಳುವವರ ಸುರಕ್ಷತೆಯ ಹೊಣೆ ಮುಗಿದಿಲ್ಲ; ಅವರಿಗೆ ಕೊಡುವ ಎಚ್ಚರಿಕೆ ನಂಬಲರ್ಹವಾಗಬೇಕಾದರೆ ಅಳತೆಯ ಮಾನ ಮೊದಲು ನಂಬಲರ್ಹವಾಗಬೇಕು.