ಡಿಸ್ಟ್ರಿಬ್ಯೂಟರ್ ಸಡಿಲಿಕೆ, ಹಳೆಯ ಕಾರುಗಳಲ್ಲಿ

ಕುರ್ಲಾದಲ್ಲಿ ತಯಾರಾಗಿ, 2023ರವರೆಗೂ ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಯಾಗಿ ಓಡಿದ ಪ್ರೀಮಿಯರ್ ಪದ್ಮಿನಿಯಂಥ ಕಾರುಗಳಲ್ಲಿ ಪ್ಲಗ್‌ಗಳಿಗೆ ಕಿಡಿ ಹಂಚುವ ಭಾಗ ಡಿಸ್ಟ್ರಿಬ್ಯೂಟರ್. ಅದರ ಶಾಫ್ಟ್ ಕ್ರ್ಯಾಂಕ್‌ಶಾಫ್ಟಿನ ಅರ್ಧ ವೇಗದಲ್ಲಿ ತಿರುಗುವುದರಿಂದ, ಬುಡದ ಕ್ಲ್ಯಾಂಪ್ ಸಡಿಲಗೊಂಡು ಡಿಸ್ಟ್ರಿಬ್ಯೂಟರ್ ಬಾಡಿ 5 ಡಿಗ್ರಿ ಸರಿದರೆ ಕಿಡಿಯ ಟೈಮಿಂಗ್ ಕ್ರ್ಯಾಂಕ್ ಲೆಕ್ಕದಲ್ಲಿ 10 ಡಿಗ್ರಿ ತಪ್ಪುತ್ತದೆ. ಆಗ ಎಂಜಿನ್ ಸರಿಯಾಗಿ ಓಡದಿದ್ದರೆ ಕಾರ್ಬೊರೇಟರನ್ನು ದೂರಿ ಫಲವಿಲ್ಲ. ಬೋಲ್ಟ್ ಬಲವಾಗಿ ಬಿಗಿದರೆ ಸಾಕೆಂಬ ವಾದವುಂಟು. ಆದರೆ ಶಾಫ್ಟನ್ನು ಹಿಡಿದಿಡುವ ಬುಷ್ ಸವೆದಿದ್ದರೆ ಕ್ಲ್ಯಾಂಪ್ ಎಷ್ಟೇ ಬಿಗಿಯಿದ್ದರೂ ಕಾಂಟ್ಯಾಕ್ಟ್ ಬ್ರೇಕರ್ (ಸಿ.ಬಿ.) ಪಾಯಿಂಟಿನ ಅಂತರ ನಿಲ್ಲದು. ಅತಿಯಾಗಿ ಬಿಗಿದರೆ ಕ್ಲ್ಯಾಂಪೇ ಬಿರುಕು ಬಿಟ್ಟೀತು. ಹಾಗಾಗಿ ಸ್ಪ್ಯಾನರ್ ಹಿಡಿಯುವ ಮೊದಲು ಕ್ಯಾಪ್ ತೆಗೆದು, ಶಾಫ್ಟನ್ನು ಪಕ್ಕಕ್ಕೆ ಅಲುಗಿಸಿ ನೋಡುವುದೇ ನಿಜವಾದ ಮುನ್ನೆಚ್ಚರಿಕೆ. ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ಹಾಕಿದರೆ ಪಾಯಿಂಟ್ ಹೋದೀತು. ಆದರೆ ಬುಷ್, ಕ್ಲ್ಯಾಂಪ್, ಕ್ಯಾಪಿನ ಕ್ಲಿಪ್ ಉಳಿದೇ ಇರುತ್ತವೆ. ಮಳೆಗಾಲದಲ್ಲಿ ಸಡಿಲ ಕ್ಯಾಪಿನೊಳಗೆ ತೇವ ಸೇರಿದರೆ ಕಿಡಿ ದಾರಿ ತಪ್ಪುತ್ತದೆ. ಹಾಗಾಗಿ ಶಾಫ್ಟ್ ಮತ್ತು ಕ್ಯಾಪಿನ ಪರೀಕ್ಷೆಯನ್ನು ಮಳೆಗೆ ಮೊದಲು, ಮೇ ತಿಂಗಳಲ್ಲೇ ಮುಗಿಸುವುದು ಒಳ್ಳೆಯದು.